ಯಾಕೆ ತೆಗೆಯುತ್ತೇವೆಂದು ಮೊದಲು ಹೇಳು

ಮಗಾ, ನೀನು ಮಣಿಪಾಲದಲ್ಲಿ ಸರ್ಜರಿ ಪಿ.ಜಿ.ಗೆ ಸೇರಿದ ಸುದ್ದಿಯನ್ನು ನಿನ್ನಮ್ಮ ಹೇಳಿದಾಗ ಸಂತೋಷವಾಯಿತು. ಮೊನ್ನೆ ನೀನೇ ಫೋನು ಮಾಡಿ, "ದೊಡ್ಡಮ್ಮ, ಮೆಲನೋಮಾಕ್ಕೆ ಸೆಂಟಿನಲ್ ನೋಡ್ ಬಯಾಪ್ಸಿ ಮಾಡ್ಬೇಕಾ ಬೇಡವಾ ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ, ನಿಮಗೆ ಎಂತ ಅನ್ನಿಸ್ತದೆ?" ಎಂದು ಕೇಳಿದಾಗ ಇನ್ನೂ ಹೆಚ್ಚು ಸಂತೋಷವಾಯಿತು. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಬಿಡುವಿದ್ದಾಗ ನಿಧಾನಕ್ಕೆ ಓದು.

ಮೊದಲು ಮೆಲನೋಮಾ ಎಂಬ ಈ ಚರ್ಮದ ಕ್ಯಾನ್ಸರ್ ನಮ್ಮ ಕಡೆ ಎಂಥದ್ದು ಎಂಬುದನ್ನು ಗಮನಿಸು. ನಿನ್ನ ಪುಸ್ತಕದ ಚಿತ್ರಗಳಲ್ಲಿ ಇರುವುದು ಬಿಸಿಲಿಗೆ ಸುಟ್ಟ ಬಿಳಿ ಬೆನ್ನು, ಅದರ ಮೇಲೊಂದು ಮಚ್ಚೆ. ಆಸ್ಟ್ರೇಲಿಯಾದಲ್ಲಿ ಅದು ಮನೆಮನೆಗೂ ಗೊತ್ತಿರುವ ಕಾಯಿಲೆ. ಭಾರತದಲ್ಲಿ ವರ್ಷಕ್ಕೆ ಲಕ್ಷಕ್ಕೊಬ್ಬರಿಗೂ ಬರುವುದಿಲ್ಲ. ಬಂದರೂ ಹೆಚ್ಚಾಗಿ ಬಿಸಿಲು ಕಾಣದ ಜಾಗದಲ್ಲಿ: ಅಂಗಾಲು, ಹಿಮ್ಮಡಿ, ಹೆಬ್ಬೆರಳ ಉಗುರಿನ ಅಡಿ, ಅಂಗೈ, ಕೆಲವೊಮ್ಮೆ ಬಾಯಿಯ ಒಳಗೆ. ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳ ಉಗುರಿನಡಿ ಕಂಡದ್ದು ಇದೇ ಜಾತಿಯದು. 1981ರಲ್ಲಿ, 36ನೇ ವಯಸ್ಸಿಗೇ ತೀರಿಕೊಂಡ.

ಮಾಳ, ಬಜಗೋಳಿ ಕಡೆಯ ತೋಟದಲ್ಲಿ ದುಡಿಯುವ ಹೆಂಗಸು, ಕಾಪುವಿನ ದಡದಲ್ಲಿ ಬಲೆ ಎಳೆಯುವ ಗಂಡಸು, ಇವರ ಅಂಗಾಲಿನಲ್ಲಿ ಒಂದು ಕಪ್ಪು ಕಲೆ ಕಂಡರೆ ಯಾರಿಗೂ ಕ್ಯಾನ್ಸರ್ ನೆನಪಾಗುವುದಿಲ್ಲ. ಮುಳ್ಳು ಚುಚ್ಚಿದ್ದು, ಆಣಿ, ಕಲ್ಲು ತಾಗಿ ರಕ್ತ ಹೆಪ್ಪುಗಟ್ಟಿದ್ದು, ಇಷ್ಟೇ. ಬ್ಲೇಡಿನಲ್ಲಿ ಕೆರೆದು ತೆಗೆಯುವವರಿದ್ದಾರೆ. ಒಡೆದ ಹಿಮ್ಮಡಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವವರಿದ್ದಾರೆ. ಆ ಎಣ್ಣೆ ತಾಗಿ ಚರ್ಮ ಮೊದಲೇ ಕಪ್ಪಾಗಿ ಸುಲಿದಿರುತ್ತದೆ, ಅದರ ನಡುವೆ ಹೊಸ ಕಪ್ಪು ಯಾವುದೆಂದು ಗೊತ್ತಾಗುವುದು ಕಷ್ಟ. ಆದ್ದರಿಂದ ಓ.ಪಿ.ಡಿ.ಯಲ್ಲಿ ಕಾಲನ್ನು ಸೋಪು ಹಾಕಿ ತೊಳೆಸು. ಬೆಳಕಿರುವ ಕಿಟಕಿಯ ಹತ್ತಿರ ಕೂರಿಸಿ, ನೀನು ಕೆಳಗೆ ಸ್ಟೂಲು ಹಾಕಿ ಕುಳಿತು, ಬೆರಳ ಸಂದು ಬಿಡಿಸಿ ನೋಡು. ಡರ್ಮೋಸ್ಕೋಪ್ ಇದ್ದರೆ ಅಂಗಾಲಿನ ಗೆರೆಗಳ ಮೇಲೆ ಹಿಡಿ: ಬಣ್ಣ ಗೆರೆಯ ತಗ್ಗಿನಲ್ಲಿ ಕುಳಿತಿದ್ದರೆ ಸಾಮಾನ್ಯವಾಗಿ ಸಾದಾ ಮಚ್ಚೆ, ಏಣಿನ ಮೇಲೆ ಹರಡಿದ್ದರೆ ಬಯಾಪ್ಸಿ ಮಾಡದೆ ಕಳಿಸಬೇಡ. ಸೂಜಿ ತಾಗಿದರೆ, ಚಾಕು ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂದು ಮನೆಯವರು ಹಿಂದೆ ಸರಿಯುತ್ತಾರೆ. ಆ ಭಯವನ್ನು ಗದರಿ ಓಡಿಸಲು ಆಗುವುದಿಲ್ಲ, ಪಕ್ಕದಲ್ಲಿ ಕುಳಿತು ಹೇಳಬೇಕು. ನೀನು ಕೇಳಿದ ವಾದವಿವಾದವೆಲ್ಲ ಶುರುವಾಗುವುದು ಈ ಮೊದಲ ಹೆಜ್ಜೆ ದಾಟಿದ ಮೇಲೆ. ನಮ್ಮಲ್ಲಿ ಜೀವಗಳು ಹೆಚ್ಚು ಹೋಗುವುದು ಇದಕ್ಕೂ ಮೊದಲೇ, ಕಾಲು ನೋಡದೆ ಕಳೆದ ತಿಂಗಳುಗಳಲ್ಲಿ.

ಸರಿ, ಬಯಾಪ್ಸಿ ಆಯಿತು, ಮೆಲನೋಮಾ ಎಂದು ಬಂತು. ರಿಪೋರ್ಟಿನಲ್ಲಿ ಮೊದಲು ಹುಡುಕಬೇಕಾದ್ದು ದಪ್ಪ. ಅಮೆರಿಕದ ಅಲೆಕ್ಸಾಂಡರ್ ಬ್ರೆಸ್ಲೋ 1970ರಲ್ಲಿ ತೋರಿಸಿಕೊಟ್ಟ ಅಳತೆ ಅದು, ಮಿಲಿಮೀಟರಿನಲ್ಲಿ. 0.8ಕ್ಕಿಂತ ತೆಳು, ಮೇಲೆ ಹುಣ್ಣಿಲ್ಲ ಎಂದಾದರೆ ದುಗ್ಧಗ್ರಂಥಿಯ ಗೋಜಿಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಒಂದು ಮಿ.ಮೀ. ದಾಟಿದರೆ ಸೆಂಟಿನಲ್ ನೋಡ್ ವಿಷಯವನ್ನು ರೋಗಿಯ ಮುಂದೆ ಇಡಬೇಕು. ನಡುವಿನದ್ದು ಮಾತಾಡಿ ತೀರ್ಮಾನಿಸುವಂಥದ್ದು. ನಮ್ಮ ಕಡೆ ಬರುವ ಅಂಗಾಲಿನ ಗೆಡ್ಡೆಗಳು ತೆಳುವಾಗಿ ಬರುವುದೇ ಅಪರೂಪ.

ಈ ಗ್ರಂಥಿಯ ಕಥೆ ಹಳೆಯದು. 1892ರಲ್ಲಿ ಲಂಡನ್ನಿನ ಹರ್ಬರ್ಟ್ ಸ್ನೋ ಎಂಬ ಸರ್ಜನ್, ಮೆಲನೋಮಾ ಮೊದಲು ಹತ್ತಿರದ ದುಗ್ಧಗ್ರಂಥಿಗಳಿಗೆ ಹೋಗುತ್ತದೆ, ಆದ್ದರಿಂದ ಅವು ಉಬ್ಬುವ ಮೊದಲೇ ಎಲ್ಲವನ್ನೂ ತೆಗೆದುಬಿಡಬೇಕು ಎಂದು ವಾದಿಸಿದ. ಕೇಳಲು ಎಷ್ಟು ಸರಿಯಾಗಿದೆ ನೋಡು. ಕಳ್ಳ ಬರುವ ದಾರಿ ಗೊತ್ತಿದ್ದರೆ ಮೊದಲೇ ಮುಚ್ಚಿಬಿಡುವುದಲ್ಲವೇ? ದಶಕಗಳ ಕಾಲ ಲೆಕ್ಕವಿಲ್ಲದಷ್ಟು ತೊಡೆಸಂದು, ಕಂಕುಳುಗಳನ್ನು ಹೀಗೆ ಬರಿದು ಮಾಡಲಾಯಿತು. 1977ರಲ್ಲಿ ಇಟಲಿಯ ಉಂಬೆರ್ತೊ ವೆರೊನೇಸಿ ಮತ್ತು ಜೊತೆಗಾರರು ಕೈಕಾಲಿನ ಮೆಲನೋಮಾದ ರೋಗಿಗಳಲ್ಲಿ ಮೊದಲೇ ತೆಗೆದವರನ್ನೂ ಉಬ್ಬಿದ ಮೇಲೆ ತೆಗೆದವರನ್ನೂ ಹೋಲಿಸಿ ನೋಡಿದರು. ಬದುಕಿದವರ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ತರ್ಕಕ್ಕೆ ಚೆನ್ನಾಗಿ ಕೂತದ್ದೆಲ್ಲ ದೇಹದಲ್ಲೂ ಹಾಗೆಯೇ ನಡೆಯುತ್ತದೆಂದು ನಂಬಬಾರದು ಎಂಬುದನ್ನು ನಾನು ಕಲಿತದ್ದು ಈ ಒಂದು ಅಧ್ಯಯನದಿಂದ. ನೀನು ಮೂಲ ಲೇಖನವನ್ನೇ ತೆಗೆದು ಓದು.

ಆಮೇಲೆ ಅಮೆರಿಕದ ಡೊನಾಲ್ಡ್ ಮಾರ್ಟನ್ 1992ರಲ್ಲಿ ಒಂದು ನಡುದಾರಿ ತೋರಿಸಿದರು. ಮೇಲಿನ ಗದ್ದೆಯ ನೀರು ಮೊದಲು ತನ್ನ ಕೆಳಗಿನ ಗದ್ದೆಗೆ ಇಳಿದು, ಅಲ್ಲಿಂದ ಮುಂದಕ್ಕೆ ಹೋಗುವ ಹಾಗೆ, ಗೆಡ್ಡೆಯ ಜಾಗದ ದುಗ್ಧರಸ ಮೊದಲು ಒಂದೋ ಎರಡೋ ಗ್ರಂಥಿಗಳಿಗೆ ಇಳಿಯುತ್ತದೆ. ಆ ಮೊದಲ ಗ್ರಂಥಿಯೇ ಸೆಂಟಿನಲ್ ನೋಡ್; ಅದನ್ನು ಮಾತ್ರ ಹುಡುಕಿ ತೆಗೆದು ನೋಡೋಣ. ಅದರಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಉಳಿದವನ್ನು ಮುಟ್ಟುವುದು ಬೇಡ.

ಮಾಡುವ ಕ್ರಮವನ್ನು ನೀನು ಬೇಗನೆ ನೋಡುತ್ತೀ. ಟೆಕ್ನೀಷಿಯಂ ಎಂಬ ವಿಕಿರಣ ದ್ರವ್ಯವನ್ನು ಗೆಡ್ಡೆಯ ಸುತ್ತ ಚರ್ಮದೊಳಗೆ ಚುಚ್ಚಿ, ಅದು ಎಲ್ಲಿಗೆ ಹೋಗುತ್ತದೆಂದು ಸ್ಕ್ಯಾನ್ ಮಾಡುತ್ತಾರೆ. ಅಂಗಾಲಿನದ್ದು ಹೆಚ್ಚಾಗಿ ತೊಡೆಸಂದಿಗೆ ಹೋಗುತ್ತದೆ. ಹಿಮ್ಮಡಿಯ ಹೊರಮಗ್ಗುಲಿನದ್ದು ಕೆಲವೊಮ್ಮೆ ಮೊಣಕಾಲಿನ ಹಿಂದೆಯೇ ನಿಲ್ಲುತ್ತದೆ, ಆ ಜಾಗವನ್ನು ಮರೆಯಬೇಡ. ಒ.ಟಿ.ಯಲ್ಲಿ ನೀಲಿ ಬಣ್ಣ ಚುಚ್ಚಿ ಮೆಲ್ಲಗೆ ಉಜ್ಜಿ ಕೆಲವು ನಿಮಿಷ ಕಾಯಬೇಕು. ನಮ್ಮಲ್ಲಿ ಬಳಸುವುದು ಸಾಮಾನ್ಯವಾಗಿ ಮೆಥಿಲೀನ್ ಬ್ಲೂ, ಅಗ್ಗದ್ದು, ಸುಲಭಕ್ಕೆ ಸಿಗುವುದು. ತೊಡೆಸಂದಿಯಲ್ಲಿ ಸಣ್ಣ ಗಾಯ ಮಾಡಿ ಕೊಬ್ಬನ್ನು ಸರಿಸಿದರೆ ಹಳದಿಯ ನಡುವೆ ಕೂದಲೆಳೆಯಷ್ಟು ಸಪೂರದ ನೀಲಿ ನಾಳವೊಂದು ಕಾಣುತ್ತದೆ. ಅದರ ಜಾಡು ಹಿಡಿದು ಹೋದರೆ ಅರ್ಧ ನೀಲಿಯಾದ ಗ್ರಂಥಿ. ಗಾಮಾ ಪ್ರೋಬ್ ಹತ್ತಿರ ಹಿಡಿದರೆ ಸದ್ದು ಏರುತ್ತದೆ. ಎಷ್ಟು ಬಾರಿ ನೋಡಿದರೂ ನನಗೆ ಅದು ಬೇಸರ ತರಲಿಲ್ಲ.

ಈ ಬಣ್ಣದ ಬಗ್ಗೆ ಕೆಲವು ಮಾತು, ಪುಸ್ತಕದಲ್ಲಿ ಸಣ್ಣ ಅಕ್ಷರದಲ್ಲಿ ಇರುವಂಥವು. ಚುಚ್ಚುವ ಮೊದಲು ಅರಿವಳಿಕೆ ಡಾಕ್ಟರಿಗೆ ಹೇಳು. ಬಣ್ಣ ರಕ್ತಕ್ಕೆ ಸೇರುತ್ತಲೇ ಬೆರಳಿಗೆ ಹಾಕಿದ ಪಲ್ಸ್ ಆಕ್ಸಿಮೀಟರ್ ಆಮ್ಲಜನಕ ಇಳಿದ ಹಾಗೆ ತೋರಿಸುತ್ತದೆ, ಹೇಳದಿದ್ದರೆ ಒ.ಟಿ.ಯಲ್ಲಿ ಗಾಬರಿಯಾಗುತ್ತದೆ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಾರಾ ಎಂದು ಕೇಳು, ಕೆಲವು ಮಾತ್ರೆಗಳ ಜೊತೆ ಮೆಥಿಲೀನ್ ಬ್ಲೂ ಅಪಾಯ. ಮರುದಿನ ಮೂತ್ರ ಹಸಿರು ನೀಲಿಯಾಗಿ ಹೋಗುತ್ತದೆಂದು ಮೊದಲೇ ತಿಳಿಸು. ತಿಳಿಸದೆ ಇದ್ದರೆ ರಾತ್ರಿ ಎರಡು ಗಂಟೆಗೆ ಎದ್ದ ಮುದುಕಿ ತನ್ನ ಆಯುಷ್ಯ ಮುಗಿಯಿತೆಂದು ಅಳುತ್ತಾ ಕೂರುತ್ತಾಳೆ. ಗೆಡ್ಡೆಯನ್ನು ಅಗಲವಾಗಿ ತೆಗೆಯುವ ಆಪರೇಶನ್ನೂ ಇದೂ ಒಂದೇ ಸಲಕ್ಕೆ ಆಗಬೇಕು. ಮೊದಲೇ ಅಗಲವಾಗಿ ತೆಗೆದು ಚರ್ಮ ಕಸಿ ಮಾಡಿಬಿಟ್ಟರೆ ರಸ ಹರಿಯುವ ದಾರಿಯೇ ಬದಲಾಗಿರುತ್ತದೆ.

ಇನ್ನು ಜಗಳದ ವಿಷಯ. ಮಾರ್ಟನ್ ತಮ್ಮ ವಿಧಾನವನ್ನು ತಾವೇ ಪರೀಕ್ಷೆಗೆ ಒಡ್ಡಿದರು, ಅದು ಅವರ ದೊಡ್ಡತನ. 1994ರಲ್ಲಿ ಶುರುವಾದ ಆ ಅಧ್ಯಯನಕ್ಕೆ ಎಂ.ಎಸ್.ಎಲ್.ಟಿ.-1 ಎಂದು ಹೆಸರು. ಎರಡು ಸಾವಿರ ಮಂದಿ ಸೇರಿದರು. ಒಂದು ಗುಂಪಿಗೆ ಗೆಡ್ಡೆ ತೆಗೆದು ಸೆಂಟಿನಲ್ ನೋಡ್ ನೋಡಿದರು. ಇನ್ನೊಂದಕ್ಕೆ ಗೆಡ್ಡೆ ಮಾತ್ರ ತೆಗೆದು ಗ್ರಂಥಿ ಉಬ್ಬುತ್ತದಾ ಎಂದು ಕಾಯ್ದರು. ಕೊನೆಯ ವರದಿ 2014ರಲ್ಲಿ ಬಂತು. ಗೆಡ್ಡೆ 1.2ರಿಂದ 3.5 ಮಿ.ಮೀ. ದಪ್ಪ ಇದ್ದವರಲ್ಲಿ, ಹತ್ತು ವರ್ಷಕ್ಕೆ ಮೆಲನೋಮಾದಿಂದ ಸಾಯದೆ ಉಳಿದವರು ಬಯಾಪ್ಸಿ ಗುಂಪಿನಲ್ಲಿ ಶೇ. 81.4, ಕಾಯ್ದವರ ಗುಂಪಿನಲ್ಲಿ ಶೇ. 78.3. ಇದು ಆಕಸ್ಮಿಕ ಅಲ್ಲ ಎಂದು ಸಂಖ್ಯಾಶಾಸ್ತ್ರ ಹೇಳುವಷ್ಟು ಈ ಅಂತರ ದೊಡ್ಡದಲ್ಲ.

ಅದೇ ವರದಿಯಲ್ಲಿ ಇನ್ನೊಂದು ಲೆಕ್ಕವಿದೆ. ಗ್ರಂಥಿಗೆ ಕಾಯಿಲೆ ಇಳಿದಿದ್ದವರನ್ನು ಮಾತ್ರ ತೆಗೆದು ನೋಡಿದರೆ, ಸೆಂಟಿನಲ್ ನೋಡ್‌ನಲ್ಲೇ ಕಂಡುಹಿಡಿದು ಚಿಕಿತ್ಸೆ ಮಾಡಿದವರಲ್ಲಿ ಹತ್ತು ವರ್ಷಕ್ಕೆ ಶೇ. 62.1 ಉಳಿದಿದ್ದರು. ಉಬ್ಬಿದ ಮೇಲೆ ತೆಗೆದವರಲ್ಲಿ ಶೇ. 41.5. ಒಂದು ಪಂಗಡ ಈ ಸಂಖ್ಯೆಯನ್ನು ಎತ್ತಿ ಹಿಡಿದು, ನೋಡಿ ಜೀವ ಉಳಿಯುತ್ತದೆ ಎಂದಿತು. ಲಂಡನ್ನಿನ ಮೈರಿಯನ್ ಥಾಮಸ್‌ರಂಥ ಸರ್ಜನ್‌ಗಳು ಒಪ್ಪಲಿಲ್ಲ. ಈ ಎರಡು ಗುಂಪುಗಳನ್ನು ಪಕ್ಕಪಕ್ಕ ನಿಲ್ಲಿಸುವುದೇ ಸರಿಯಲ್ಲ ಎಂಬುದು ಅವರ ಆಕ್ಷೇಪ. ಸೂಕ್ಷ್ಮದರ್ಶಕದಲ್ಲಿ ಕಂಡ ನಾಲ್ಕು ಜೀವಕೋಶಗಳು ಮುಂದೆ ಬೆಳೆದು ಗಂಟಾಗಿಯೇ ತೀರುತ್ತಿದ್ದವು ಎಂದು ಯಾರು ಹೇಳಿದರು? ಕೆಲವು ಅಲ್ಲಿಯೇ ನಂದಿ ಹೋಗಬಹುದಿತ್ತು. ಹಾಗಾದರೆ ಒಂದು ಗುಂಪಿನಲ್ಲಿ ಸೌಮ್ಯ ಕಾಯಿಲೆಯವರೂ ಸೇರಿದ್ದಾರೆ, ಇನ್ನೊಂದರಲ್ಲಿ ಬೆಳೆದೇ ತೋರಿಸಿದ ಉಗ್ರ ಕಾಯಿಲೆಯವರು ಮಾತ್ರ.

ನನ್ನ ಅಭಿಪ್ರಾಯ ಕೇಳಿದೆಯಲ್ಲ, ಈ ಆಕ್ಷೇಪಕ್ಕೆ ತೂಕವಿದೆ ಎಂದೇ ನನಗನ್ನಿಸುತ್ತದೆ. ಈ ಬಯಾಪ್ಸಿಯಿಂದ ಆಯುಷ್ಯ ಹೆಚ್ಚುತ್ತದೆ ಎಂದು ರೋಗಿಗೆ ಹೇಳುವ ಹಕ್ಕು ನಮಗಿಲ್ಲ. ಆದರೆ ಅದು ಕೊಡುವ ತಿಳಿವಳಿಕೆ ನಿಜವಾದದ್ದು. ಇದೇ ಅಧ್ಯಯನದ 2006ರ ವರದಿಯಲ್ಲಿ ನೂರಕ್ಕೆ 16 ಮಂದಿಯ ಸೆಂಟಿನಲ್ ನೋಡ್‌ನಲ್ಲಿ ಕಾಯಿಲೆ ಕಂಡಿತ್ತು. ಐದು ವರ್ಷಕ್ಕೆ ಅವರಲ್ಲಿ ಶೇ. 72.3 ಉಳಿದರೆ, ಕಾಣದವರಲ್ಲಿ ಶೇ. 90.2. ಮುಂದೇನಾಗಬಹುದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳುವ ಪರೀಕ್ಷೆ ಆ ಹಂತದಲ್ಲಿ ಬೇರೆ ಇಲ್ಲ.

ಗ್ರಂಥಿಯಲ್ಲಿ ಕಾಯಿಲೆ ಕಂಡರೆ ಉಳಿದದ್ದನ್ನೆಲ್ಲ ತೆಗೆಯಬೇಕಾ ಎಂಬ ಪ್ರಶ್ನೆ ಬೇರೆ. ಇದಕ್ಕೆ ಮಾತ್ರ ಉತ್ತರ ಸಿಕ್ಕಿದೆ. ಜರ್ಮನಿಯ ಒಂದು ಅಧ್ಯಯನ 2016ರಲ್ಲಿ, ಎಂ.ಎಸ್.ಎಲ್.ಟಿ.-2 2017ರಲ್ಲಿ ಅದನ್ನು ಕೊಟ್ಟವು. ಎರಡನೆಯದರಲ್ಲಿ 1,900ಕ್ಕೂ ಹೆಚ್ಚು ಮಂದಿ ಇದ್ದರು. ಎಲ್ಲ ಗ್ರಂಥಿ ತೆಗೆದವರಲ್ಲೂ, ತೆಗೆಯದೆ ಅಲ್ಟ್ರಾಸೌಂಡ್ ಮಾಡಿ ನೋಡಿಕೊಂಡವರಲ್ಲೂ ಮೂರು ವರ್ಷಕ್ಕೆ ಉಳಿದವರು ಸಮಸಮ, ಶೇ. 86. ಆದರೆ ಕೈಯೋ ಕಾಲೋ ಬಾತುಕೊಂಡವರು ಮೊದಲ ಗುಂಪಿನಲ್ಲಿ ಶೇ. 24.1, ಎರಡನೆಯದರಲ್ಲಿ ಶೇ. 6.3.

ಬಾತುಕೊಂಡ ಕಾಲು ಎಂದರೆ ಏನೆಂದು ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆನೆಕಾಲು ರೋಗವನ್ನು ನಮ್ಮ ಜಿಲ್ಲೆಯ ಹಳೆಯ ತಲೆಮಾರು ಕಣ್ಣೆದುರೇ ಕಂಡಿದೆ. ಸೀರೆಯ ನೆರಿಗೆಯನ್ನು ಕೆಳಗೆ ಎಳೆದು ಕಾಲು ಮುಚ್ಚಿಕೊಂಡು ಮದುವೆ ಮನೆಯ ಹಿಂದಿನ ಸಾಲಿನಲ್ಲಿ ಕೂರುವ ಹೆಂಗಸರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ತೊಡೆಸಂದಿಯ ಗ್ರಂಥಿಗಳನ್ನೆಲ್ಲ ತೆಗೆದಾಗ ಬರುವ ಬಾವೂ ಅದೇ ರೀತಿಯದು. ಚಪ್ಪಲಿ ಹಿಡಿಯುವುದಿಲ್ಲ, ಗದ್ದೆಗೆ ಇಳಿಯಲು ಆಗುವುದಿಲ್ಲ, ಸಣ್ಣ ಗಾಯವಾದರೂ ಚಳಿಜ್ವರ ಬಂದು ಕಾಲು ಕೆಂಪಾಗುತ್ತದೆ. ಕಾಸರಗೋಡಿನಲ್ಲಿ ಡಾ. ಎಸ್.ಆರ್. ನರಹರಿಯವರು ಕಟ್ಟಿದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಎಂಬ ಸಂಸ್ಥೆ ಇಂಥ ಕಾಲುಗಳಿಗೆ ಚರ್ಮದ ಆರೈಕೆ, ಆಯುರ್ವೇದ, ಯೋಗ, ಒತ್ತಿ ಕಟ್ಟುವ ಬ್ಯಾಂಡೇಜ್ ಎಲ್ಲವನ್ನೂ ಜೋಡಿಸಿ ಚಿಕಿತ್ಸೆ ಕೊಡುತ್ತದೆ. ಒಮ್ಮೆ ಹೋಗಿ ನೋಡಿ ಬಾ. ದಿನವೂ ಕಾಲು ತೊಳೆದು, ಒರೆಸಿ, ಕಟ್ಟಿ, ಬಿಚ್ಚುವ ಕೆಲಸವನ್ನು ನೋಡಿದ ಮೇಲೆ, ತೊಡೆಸಂದು ಬರಿದು ಮಾಡುವ ತೀರ್ಮಾನ ನಿನಗೆ ಅಷ್ಟು ಹಗುರ ಅನ್ನಿಸುವುದಿಲ್ಲ.

ನಮ್ಮ ಕಡೆಯ ಇನ್ನೊಂದು ತೊಡಕು ಆ ದೊಡ್ಡ ಅಧ್ಯಯನಗಳಲ್ಲಿ ಸಿಗುವುದಿಲ್ಲ. ಬರಿಗಾಲಲ್ಲಿ ಓಡಾಡುವವರ ತೊಡೆಸಂದಿಯಲ್ಲಿ ಗಂಟುಗಳು ಕೈಗೆ ಸಿಗುವುದು ಮಾಮೂಲು. ಕಾಲೊಡಕು, ಬೆರಳ ಸಂದಿನ ಕೆಸರುಹುಣ್ಣು, ಹಳೆಯ ಫೈಲೇರಿಯಾ, ಯಾವುದೂ ಆಗಿರಬಹುದು. ಗಂಟು ಸಿಕ್ಕಿತೆಂದು ಕ್ಯಾನ್ಸರ್ ಹರಡಿದೆ ಎಂದು ತೀರ್ಮಾನಿಸಬೇಡ, ಹರಡಿಲ್ಲ ಎಂದೂ ತೀರ್ಮಾನಿಸಬೇಡ. ಅಲ್ಟ್ರಾಸೌಂಡ್ ಮಾಡಿಸಿ ಸಪೂರ ಸೂಜಿಯಲ್ಲಿ ತೆಗೆದು ನೋಡು. ಅದರಲ್ಲೇ ಮೆಲನೋಮಾ ಸಿಕ್ಕರೆ ಸೆಂಟಿನಲ್ ನೋಡ್‌ನ ಮಾತೇ ಇಲ್ಲ, ದಾರಿ ಬೇರೆ.

ಆ ದಾರಿಯೂ ಈಚೆಗೆ ಬದಲಾಗಿದೆ. ದೇಹದ ರಕ್ಷಣಾ ವ್ಯವಸ್ಥೆಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಔಷಧಿಗಳು ಬಂದಿವೆ. ಅವುಗಳ ಮೂಲ ಕಂಡುಹಿಡಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಅದೇ ವರ್ಷ, ಗ್ರಂಥಿಗೆ ಕಾಯಿಲೆ ಇಳಿದವರಿಗೆ ಆಪರೇಶನ್ ನಂತರ ಪೆಂಬ್ರೊಲಿಜುಮಾಬ್ ಕೊಟ್ಟರೆ ಕಾಯಿಲೆ ಮರುಕಳಿಸುವುದು ಕಡಿಮೆ ಎಂದು ತೋರಿತು. ಆಗ ಸೆಂಟಿನಲ್ ನೋಡ್‌ಗೆ ಹೊಸ ಬೆಲೆ ಬಂತು, ಔಷಧಿ ಯಾರಿಗೆ ಎಂದು ಹೇಳುವುದು ಅದೇ ಅಲ್ಲವೇ. ಆದರೆ ಆಮೇಲೆ, ಗ್ರಂಥಿ ಶುದ್ಧವಾಗಿದ್ದರೂ ಗೆಡ್ಡೆ ದಪ್ಪ ಇದ್ದವರಿಗೂ ಆ ಔಷಧಿಯಿಂದ ಅದೇ ಪ್ರಯೋಜನ ಕಂಡಿತು. ಹಾಗಾದರೆ ದಪ್ಪ ಗೆಡ್ಡೆಯವರಿಗೆ ಗ್ರಂಥಿ ಯಾಕೆ ತೆಗೆಯಬೇಕು ಎಂದು ಕೇಳುವವರು ಎದ್ದರು. 2024ರಲ್ಲಿ ನಾಡಿನಾ ಎಂಬ ಅಧ್ಯಯನ, ಗ್ರಂಥಿ ಉಬ್ಬಿ ಕಾಣುವವರಿಗೆ ಆಪರೇಶನ್‌ಗಿಂತ ಮೊದಲೇ ಇಂಥ ಎರಡು ಔಷಧಿ ಕೊಟ್ಟರೆ ಹೆಚ್ಚು ಒಳ್ಳೆಯದು ಎಂದು ತೋರಿಸಿತು. ಕಾಯ್ದು ನೋಡೋಣ ಎನ್ನುವವರಿಗೆ ಅದರಿಂದ ಇನ್ನಷ್ಟು ಬಲ ಬಂದಿದೆ. ನೀನು ಫೋನಿನಲ್ಲಿ ಹೇಳಿದ ಜಗಳ ಇದೇ.

ಆದರೆ ನಮ್ಮ ರೋಗಿಗೆ ಇದರಲ್ಲಿ ಎಷ್ಟು ಸಿಗುತ್ತದೆ? ಈ ಅಧ್ಯಯನಗಳಲ್ಲಿ ಸೇರಿದವರು ಬಹುಪಾಲು ಬಿಳಿಯರು, ಅವರದ್ದು ಬೇರೆ ಜಾತಿಯ ಮೆಲನೋಮಾ. ಅಂಗಾಲಿನದ್ದು ಈ ಔಷಧಿಗಳಿಗೆ ಅಷ್ಟಾಗಿ ಬಗ್ಗುವುದಿಲ್ಲ. ಬೆಲೆಯೋ, ಹೆಚ್ಚಿನ ಮನೆಗಳ ಕೈಗೆಟುಕದ್ದು. ಆದ್ದರಿಂದ ಬಯಾಪ್ಸಿಗೆ ಬರೆಯುವ ಮೊದಲು ನಿನ್ನನ್ನು ನೀನೇ ಕೇಳಿಕೋ: ಇದು ಪಾಸಿಟಿವ್ ಬಂದರೆ ಈ ಮನುಷ್ಯನಿಗೆ ಏನು ಬೇರೆ ಮಾಡುತ್ತೇನೆ? ಔಷಧಿ ಕೊಡಿಸಲು ದಾರಿಯಿದೆಯಾ, ಯಾವ ಯೋಜನೆ ಅನ್ವಯಿಸುತ್ತದೆ? ಇಲ್ಲದಿದ್ದರೆ ಹೆಚ್ಚು ಹತ್ತಿರದಿಂದ ನೋಡಿಕೊಳ್ಳಲಾದರೂ ಆಗುತ್ತದಾ? ಉತ್ತರ ಇದ್ದರೆ ಧೈರ್ಯದಿಂದ ಮಾಡು. ನನ್ನ ಕೈಯಲ್ಲಿ ತೀರ್ಮಾನ ಇದ್ದಿದ್ದರೆ, ಎರಡು ಮಿ.ಮೀ. ದಪ್ಪದ, ಆರೋಗ್ಯವಾಗಿರುವ, ಮತ್ತೆ ಬರಬಲ್ಲ ಐವತ್ತರ ಹೆಂಗಸಿಗೆ ಮಾಡಿ ಎಂದೇ ಹೇಳುತ್ತಿದ್ದೆ. ಎಂಬತ್ತೈದರ, ಹೃದಯ ಸೋತ ಅಜ್ಜನಿಗೆ ಗೆಡ್ಡೆ ತೆಗೆದು ಗಾಯ ಮಾಯುವಂತೆ ನೋಡಿಕೊಂಡರೆ ಸಾಕು.

ತೀರ್ಮಾನ ಏನೇ ಇರಲಿ, ಅದನ್ನು ರೋಗಿಯ ಜೊತೆ ಕುಳಿತು ಮಾಡು. ಇದು ಕಷ್ಟ ಎಂದು ನನಗೆ ಗೊತ್ತು. ಕಾರಿಡಾರಿನಲ್ಲಿ ಮಗ ನಿನ್ನನ್ನು ತಡೆದು "ಅಮ್ಮನಿಗೆ ಹೇಳ್ಬೇಡಿ ಡಾಕ್ಟ್ರೆ" ಎನ್ನುತ್ತಾನೆ. ಮುಂಬೈಯಿಂದ ದೊಡ್ಡ ಮಗನ ಫೋನು, "ಖರ್ಚಿಗೆ ತೊಂದರೆ ಇಲ್ಲ, ಎಲ್ಲ ತೆಗೆದುಬಿಡಿ." ಅವರ ಪ್ರೀತಿಯಲ್ಲಿ ಕೊರತೆಯಿಲ್ಲ. ಆದರೆ ಕಾಲು ಆ ತಾಯಿಯದ್ದು. ತುಳು ಗೊತ್ತಿದ್ದರೆ ತುಳುವಿನಲ್ಲಿ, ಕೊಂಕಣಿಯಾದರೆ ಕೊಂಕಣಿಯಲ್ಲಿ, ಅವರದ್ದೇ ಮಾತಿನಲ್ಲಿ ಹೇಳು: "ಅಂಗಾಲಿನ ಗೆಡ್ಡೆ ತೆಗೆಯುವುದು ಗುಣಪಡಿಸಲಿಕ್ಕೆ. ತೊಡೆಸಂದಿಯಲ್ಲಿ ಒಂದು ಸಣ್ಣ ಗ್ರಂಥಿ ತೆಗೆಯುವುದು ನೋಡಲಿಕ್ಕೆ, ಕಾಯಿಲೆ ಅಲ್ಲಿಗೆ ಹೋಗಿದೆಯಾ ಅಂತ. ಅದನ್ನು ತೆಗೆದ ಕೂಡಲೇ ಆಯುಷ್ಯ ಹೆಚ್ಚಾಗ್ತದೆ ಅಂತ ನಾವು ಹೇಳುವುದಿಲ್ಲ. ಗೊತ್ತಾದರೆ ಮುಂದಿನ ದಾರಿ ಯೋಚಿಸಬಹುದು. ಬೇಡ ಅಂದರೆ ಸ್ಕ್ಯಾನ್ ಮಾಡಿ ನೋಡ್ತಾ ಇರುವ." ಐದು ನಿಮಿಷದ ಮಾತು. ಕನ್ಸೆಂಟ್ ಫಾರಂಗೆ ಹೆಬ್ಬೆಟ್ಟು ಒತ್ತಿಸುವ ಮೊದಲು ಈ ಐದು ನಿಮಿಷವನ್ನು ಹೌಸ್ ಸರ್ಜನ್‌ಗೆ ದಾಟಿಸಬೇಡ.

ಬಯಾಪ್ಸಿಯಲ್ಲಿ ಕಾಯಿಲೆ ಕಂಡು, ಉಳಿದ ಗ್ರಂಥಿ ಬಿಟ್ಟರೆ ನಿನ್ನ ಕೆಲಸ ಹೆಚ್ಚುತ್ತದೆ. ಎಂ.ಎಸ್.ಎಲ್.ಟಿ.-2ರಲ್ಲಿ ಮೊದಲ ಎರಡು ವರ್ಷ ನಾಲ್ಕು ತಿಂಗಳಿಗೊಮ್ಮೆ, ಆಮೇಲೆ ಐದನೇ ವರ್ಷದವರೆಗೆ ಆರು ತಿಂಗಳಿಗೊಮ್ಮೆ, ನಂತರ ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಮಾಡಿದ್ದರು. ಗ್ರಂಥಿ ತೆಗೆಯದವರ ಆ ಶೇ. 86 ಬಂದದ್ದು ಇಂಥ ಸ್ಕ್ಯಾನ್‌ಗಳ ಕಾವಲಿನಲ್ಲಿ. ಮಾಳದ ಹೆಂಗಸು ಬಸ್ಸು ಬದಲಾಯಿಸಿ ಒಂದು ದಿನದ ಸಂಬಳ ಬಿಟ್ಟು ಬರಬೇಕು. ಕಾಪುವಿನ ಬೋಟಿನವನು ಮೀನಿನ ಸೀಸನ್ನಿನಲ್ಲಿ ಬರುವುದಿಲ್ಲ, ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವ ಜೂನ್ ಜುಲೈಯಲ್ಲಾದರೆ ಬರುತ್ತಾನೆ. ಅವನ ಒಂದು ಸ್ಕ್ಯಾನಾದರೂ ಆಗ ಬೀಳುವಂತೆ ಲೆಕ್ಕ ಹಾಕು. ಕಾರ್ಕಳ, ಉಡುಪಿಯಲ್ಲೇ ಅಲ್ಟ್ರಾಸೌಂಡ್ ಮಾಡಬಲ್ಲವರಿದ್ದರೆ ಏನನ್ನು ನೋಡಬೇಕೆಂದು ಚೀಟಿಯಲ್ಲಿ ಬರೆದು ಕೊಡು, ಬರೀ "ಯು.ಎಸ್.ಜಿ. ಗ್ರಾಯಿನ್" ಎಂದು ಗೀಚಬೇಡ. ಡಿಸ್ಚಾರ್ಜ್ ದಿನ ಗೆಡ್ಡೆಯ ದಪ್ಪ, ಯಾವ ಕಡೆಯ ಗ್ರಂಥಿ ತೆಗೆದದ್ದು, ಮುಂದಿನ ಸ್ಕ್ಯಾನಿನ ತಾರೀಕು, ಇಷ್ಟನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು, ಓದಿ ಹೇಳಿ, ಕರೆದುಕೊಂಡು ಬರುವವರು ಯಾರೋ ಅವರ ಬಾಯಲ್ಲೇ ತಾರೀಕನ್ನು ಒಮ್ಮೆ ತಿರುಗಿ ಹೇಳಿಸು.